ಘಟ್ಟದ ಮೇಲೊಂದು ಕಾನೂನು, ಕೆಳಗೊಂದು ಕಾನೂನು

1843ನೇ ಇಸವಿ. ಆ ವರ್ಷದ ಎರಡು ತಾರೀಖು ಗುರುತು ಹಾಕ್ಕೊಳ್ಳಿ.

ಮಾರ್ಚ್ 31. ಈಗಿನ ಜರ್ಮನಿಯ ಕಲೋನ್ ಪಟ್ಟಣದಲ್ಲಿ ‘ರೈನಿಷ್ ತ್ಸೈಟುಂಗ್’ ಅನ್ನೋ ಪತ್ರಿಕೆಯ ಕೊನೇ ಸಂಚಿಕೆ ಹೊರಬಂತು. ಪ್ರಷ್ಯಾ ಸರ್ಕಾರ ಅದರ ಬಾಗಿಲು ಹಾಕಿಸಿತ್ತು. ಸಂಪಾದಕ ಎರಡು ವಾರ ಮುಂಚೆಯೇ ರಾಜೀನಾಮೆ ಬಿಸಾಕಿ ಹೊರಟಿದ್ದ. ವಯಸ್ಸು ಇನ್ನೂ 24. ಹೆಸರು ಕಾರ್ಲ್ ಮಾರ್ಕ್ಸ್.

ಜುಲೈ 1. ಮಂಗಳೂರಲ್ಲಿ ಇನ್ನೊಬ್ಬ ಜರ್ಮನ್ ಭಾಷಿಕರು ಒಂದು ಪತ್ರಿಕೆ ಶುರು ಮಾಡಿದ್ರು. ಹರ್ಮನ್ ಮೋಗ್ಲಿಂಗ್, ಬಾಸೆಲ್ ಮಿಷನ್ ಪಾದ್ರಿ, ವುರ್ಟೆಂಬರ್ಗ್ ಸೀಮೆಯವರು. ಪತ್ರಿಕೆ ‘ಮಂಗಳೂರ ಸಮಾಚಾರ’. ಕನ್ನಡದ ಮೊಟ್ಟಮೊದಲ ವೃತ್ತಪತ್ರಿಕೆ. ಅದಕ್ಕೇ ನಾವು ಜುಲೈ 1ನ್ನು ಪತ್ರಿಕಾ ದಿನ ಅಂತ ಆಚರಿಸೋದು.

ಮೂರು ತಿಂಗಳ ಅಂತರದಲ್ಲಿ ಒಂದು ಪತ್ರಿಕೆ ಸತ್ತಿದ್ದು, ಒಂದು ಹುಟ್ಟಿದ್ದು. ಇದು ಬರೀ ಕಾಕತಾಳೀಯ ಅಂತ ಬಿಟ್ಟುಬಿಡಬಹುದು. ಆದ್ರೆ ನನ್ನನ್ನ ಕಾಡಿದ್ದು ಬೇರೆ ಪ್ರಶ್ನೆ. ಮೋಗ್ಲಿಂಗ್ ಮಂಗಳೂರಲ್ಲಿ ಪತ್ರಿಕೆ ಮಾಡೋಕೆ ಯಾರ ಅಪ್ಪಣೆ ತಗೋಬೇಕಿತ್ತು?

ಉತ್ತರ: ಯಾರದ್ದೂ ಇಲ್ಲ. ಮ್ಯಾಜಿಸ್ಟ್ರೇಟರ ಮುಂದೆ ‘ಇಂಥಾ ಜಾಗದಲ್ಲಿ, ಇಂಥವರು ಅಚ್ಚು ಹಾಕ್ತಾರೆ’ ಅಂತ ಒಂದು ಹೇಳಿಕೆ ಕೊಟ್ಟರೆ ಸಾಕಿತ್ತು. ಇದು 1835ರಲ್ಲಿ ಚಾರ್ಲ್ಸ್ ಮೆಟ್‌ಕಾಫ್ ತಂದ ಕಾನೂನು. ಅದೇ ವೇಳೆಗೆ ಅವರ ತಾಯ್ನಾಡಲ್ಲಿ 1819ರ ಕಾರ್ಲ್ಸ್‌ಬಾಡ್ ಕಟ್ಟಳೆಗಳು ಜಾರಿಯಲ್ಲಿದ್ದವು. 20 ಫಾರಂಗಿಂತ, ಅಂದ್ರೆ 320 ಪುಟಕ್ಕಿಂತ, ಚಿಕ್ಕದಾದ ಯಾವುದನ್ನೇ ಅಚ್ಚು ಹಾಕೋ ಮುಂಚೆ ಸರ್ಕಾರದ ಸೆನ್ಸಾರಿಗೆ ತೋರಿಸಬೇಕು. ದಪ್ಪ ಪುಸ್ತಕಕ್ಕೆ ಬೇಡ, ತೆಳ್ಳಗಿನದಕ್ಕೆ ಬೇಕು! ಲೆಕ್ಕಾಚಾರ ಸರಿಯಾಗೇ ಇದೆ ನೋಡಿ... ದಪ್ಪ ಪುಸ್ತಕ ಓದೋರು ಕಡಿಮೆ, ಕೊಳ್ಳೋರು ಇನ್ನೂ ಕಡಿಮೆ. ಸರ್ಕಾರಕ್ಕೆ ಹೆದರಿಕೆ ಇದ್ದದ್ದು ಸಂತೆಯಲ್ಲಿ ಕೈಯಿಂದ ಕೈಗೆ ಹೋಗೋ ನಾಲ್ಕು ಪುಟದ ಹಾಳೆ ಬಗ್ಗೆ.

ಅಂದ್ರೆ 1843ರಲ್ಲಿ ಸುದ್ದಿ ಅಚ್ಚು ಹಾಕೋ ವಿಷಯಕ್ಕೆ ಬಂದ್ರೆ ಮಂಗಳೂರು ಕಲೋನ್‌ಗಿಂತ ಸಡಿಲವಾಗಿತ್ತು. ಕಂಪನಿ ಸರ್ಕಾರಕ್ಕೆ ಹಾರ ಹಾಕೋಕೆ ಈ ಮಾತು ಹೇಳ್ತಿಲ್ಲ. ಮುಂದೆ ಅವರ ಕಥೆಯೂ ಬರುತ್ತೆ, ತಾಳಿ :)

* * *

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಯುರೋಪಿನಲ್ಲಿ ಅಚ್ಚಾದ ಸುದ್ದಿ ಶುರುವಾದದ್ದು ತುಂಬಾ ಸಾದಾ ಕಾರಣಕ್ಕೆ. ಸ್ಟ್ರಾಸ್‌ಬುರ್ಗ್ ಊರಿನ ಯೋಹಾನ್ ಕರೋಲುಸ್ ಅನ್ನೋನು ಸುದ್ದಿಪತ್ರಗಳನ್ನ ಕೈಯಲ್ಲಿ ಬರೆಸಿ ದುಡ್ಡಿದ್ದೋರಿಗೆ ಮಾರ್ತಿದ್ದ. ಒಂದೇ ಸುದ್ದಿಯನ್ನ ಎಷ್ಟು ಸಲ ನಕಲು ಮಾಡೋದು? ಒಂದು ಅಚ್ಚಿನ ಯಂತ್ರ ಕೊಂಡುಕೊಂಡ. 1605ರಲ್ಲಿ ‘ರೆಲಾಟ್ಸಿಯೋನ್’ ಅಚ್ಚಾಗತೊಡಗಿತು. ಜಗತ್ತಿನ ಮೊದಲ ಅಚ್ಚಾದ ಪತ್ರಿಕೆ ಅಂತ ಸಾಮಾನ್ಯವಾಗಿ ಇದನ್ನೇ ಎಣಿಸ್ತಾರೆ. ಅದೇ ವರ್ಷ ಅವನು ನಗರಸಭೆಗೆ ಒಂದು ಅರ್ಜಿ ಹಾಕಿದ. ಬೇರೆಯವರು ನನ್ನ ಸುದ್ದಿ ಕದ್ದು ಅಚ್ಚು ಹಾಕದ ಹಾಗೆ ಕಾಪಾಡಿ ಅಂತ. ಕಾಪಿ ಪೇಸ್ಟ್ ಕಾಟ ಆಗಲೇ ಶುರುವಾಗಿತ್ತು, ಬ್ಲಾಗಿಗರಿಗೆ ಹೇಳಬೇಕಾ? ಸಭೆ ಅರ್ಜಿ ತಳ್ಳಿಹಾಕ್ತು.

ಇಂಗ್ಲೆಂಡಿನಲ್ಲಿ ಹಗ್ಗ ಬಿಗಿಯಾಗಿತ್ತು. 1586ರ ಸ್ಟಾರ್ ಚೇಂಬರ್ ಆಜ್ಞೆ ಪ್ರಕಾರ ಲಂಡನ್ ಬಿಟ್ಟರೆ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ನಲ್ಲಿ ತಲಾ ಒಂದು ಮುದ್ರಣಾಲಯ, ಅಷ್ಟೇ. ಹಾಗಾಗಿ ಇಂಗ್ಲಿಷಿನ ಮೊದಲ ಸುದ್ದಿಹಾಳೆ ಇಂಗ್ಲೆಂಡಿನಲ್ಲಿ ಹುಟ್ಟಲೇ ಇಲ್ಲ. 1620ರ ಡಿಸೆಂಬರಿನಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಗಿ ಸಮುದ್ರ ದಾಟಿ ಲಂಡನ್ನಿಗೆ ಬಂತು. ಸೆನ್ಸಾರಿನ ಕೈ ಗಡಿವರೆಗೆ ಮಾತ್ರ ಚಾಚುತ್ತೆ. ಆಚೆಗೆ ಮೊಳೆ ಜೋಡಿಸೋಕೆ ಒಬ್ಬ ಸಿಕ್ಕರೆ ಸಾಕು. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ನಮ್ಮೂರ ಪಕ್ಕಕ್ಕೇ ಬರುತ್ತೆ.

1644ರಲ್ಲಿ ಕವಿ ಮಿಲ್ಟನ್ ಲೈಸೆನ್ಸ್ ಪದ್ಧತಿ ವಿರುದ್ಧ ‘ಅರಿಯೋಪಜಿಟಿಕ’ ಬರೆದ. ಲೈಸೆನ್ಸ್ ತಗೊಳ್ಳದೇ ಪ್ರಕಟಿಸಿದ! ಆದ್ರೆ ಮಿಲ್ಟನ್ ಬರೆದ ಅಂತ ಕಾನೂನೇನೂ ಹೋಗಲಿಲ್ಲ. 1662ರಲ್ಲಿ ಹೊಸ ಲೈಸೆನ್ಸಿಂಗ್ ಕಾಯಿದೆ ಬಂತು. 1664ರಲ್ಲಿ ಜಾನ್ ಟ್ವಿನ್ ಅನ್ನೋ ಮುದ್ರಕನನ್ನ ರಾಜದ್ರೋಹದ ಹೊತ್ತಿಗೆ ಅಚ್ಚು ಹಾಕಿದ ಅಂತ ಗಲ್ಲಿಗೆ ಹಾಕಿ ತುಂಡು ತುಂಡು ಮಾಡಿದ್ರು. ಅವನು ಬರೆದದ್ದಲ್ಲ, ಬರೀ ಅಚ್ಚು ಹಾಕಿದ್ದು.

ಆಮೇಲೆ 1695ರಲ್ಲಿ ಆ ಕಾಯಿದೆ ಸುಮ್ಮನೆ ಸತ್ತುಹೋಯ್ತು. ಅದರ ಅವಧಿ ಮುಗಿದಿತ್ತು, ಪಾರ್ಲಿಮೆಂಟು ಮುಂದುವರಿಸಲಿಲ್ಲ. ಕಾರಣ ಏನು ಗೊತ್ತಾ? ವಾಕ್ ಸ್ವಾತಂತ್ರ್ಯದ ಮೇಲಿನ ಭಕ್ತಿ ಅಲ್ಲ. ಸಂಸದರು ಪಟ್ಟಿ ಮಾಡಿದ ದೂರುಗಳು ಬಹುಪಾಲು ವ್ಯಾಪಾರದವು. ಮುದ್ರಕರ ಒಂದು ಕೂಟಕ್ಕೆ ಏಕಸ್ವಾಮ್ಯ, ಪುಸ್ತಕ ತರಿಸಿದ್ರೆ ಕಸ್ಟಮ್ಸಿನಲ್ಲಿ ಕೊಳೆಯೋದು, ಅಧಿಕಾರಿಗಳ ಫೀಸು, ಮನೆ ಜಪ್ತಿ. ಒಟ್ಟಿನಲ್ಲಿ ತಲೆನೋವು ಜಾಸ್ತಿ, ಲಾಭ ಕಡಿಮೆ. ಮಿಲ್ಟನ್‌ನ ಮಹಾವಾದ 50 ವರ್ಷದಲ್ಲಿ ಮಾಡದ್ದನ್ನ ಗುಮಾಸ್ತರ ಕಿರಿಕಿರಿ ಮಾಡಿಬಿಡ್ತು.

ಅಲ್ಲಿಂದ ಮುಂದೆ ಇಂಗ್ಲೆಂಡಿನಲ್ಲಿ ನಿಯಮ ಹೀಗಾಯ್ತು: ಮೊದಲು ಅಚ್ಚು ಹಾಕು, ತಪ್ಪಿದ್ರೆ ಆಮೇಲೆ ಕೋರ್ಟಿಗೆ ಬಾ. ಸ್ಟಾಂಪ್ ತೆರಿಗೆ, ದೇಶದ್ರೋಹದ ಕೇಸು ಎಲ್ಲ ಇದ್ದವು. ಆದ್ರೆ ‘ಮುಂಚೆ ಕೇಳು’ ಅನ್ನೋದು ಹೋಯ್ತು.

* * *

ಸಾಫ್ಟ್‌ವೇರ್ ಭಾಷೇಲಿ ಹೇಳೋದಾದ್ರೆ ಇದು ಫೈರ್‌ವಾಲ್ ಸೆಟ್ಟಿಂಗು. ಒಂದರಲ್ಲಿ ಡೀಫಾಲ್ಟ್ ‘ಬಿಡು’, ಕೆಟ್ಟದ್ದು ಕಂಡ್ರೆ ಹಿಡಿ. ಇನ್ನೊಂದರಲ್ಲಿ ಡೀಫಾಲ್ಟ್ ‘ತಡಿ’, ಒಳ್ಳೇದು ಅಂತ ನಾನು ಹೇಳಿದ್ರೆ ಮಾತ್ರ ಒಳಗೆ. ಎರಡರಲ್ಲೂ ನಿಯಮಗಳ ಪಟ್ಟಿ ಒಂದೇ ಉದ್ದ ಇರಬಹುದು. ಆದ್ರೆ ಎರಡನೇದರಲ್ಲಿ ಲಾಗ್ ಫೈಲ್ ಖಾಲಿ ಇರುತ್ತೆ, ಯಾಕಂದ್ರೆ ಯಾರೂ ಒಳಗೆ ಬರೋ ಪ್ರಯತ್ನಾನೇ ಮಾಡಲ್ಲ. ಶಿಕ್ಷೆಯಾದ ಲೇಖನ ಕೋರ್ಟಿನ ಕಡತದಲ್ಲಿ ಉಳಿಯುತ್ತೆ, ನೂರು ವರ್ಷ ಆದ್ಮೇಲೂ ಯಾರಾದ್ರೂ ತೆಗೆದು ಓದಬಹುದು. ಹೆದರಿ ಬರೆಯದೇ ಹೋದ ಲೇಖನ ಎಲ್ಲೂ ಉಳಿಯಲ್ಲ.

ಇಂಗ್ಲಿಷರು ತಮ್ಮ ಮನೇಲಿ ಬಿಟ್ಟ ಚಟವನ್ನ ಇಲ್ಲಿ ಮತ್ತೆ ಹಚ್ಚಿಕೊಂಡ್ರು. 1780ರಲ್ಲಿ ಕಲ್ಕತ್ತದಲ್ಲಿ ಹಿಕ್ಕಿ ‘ಬೆಂಗಾಲ್ ಗೆಜೆಟ್’ ಶುರು ಮಾಡಿ ಗವರ್ನರ್ ಜನರಲ್ ಹೇಸ್ಟಿಂಗ್ಸನ್ನೇ ಕೆಣಕಿ ಜೈಲು ಸೇರಿದ. 1782ರಲ್ಲಿ ಅವನ ಮೊಳೆಗಳೂ ಜಪ್ತಿಯಾದವು. 1799ರಲ್ಲಿ, ಶ್ರೀರಂಗಪಟ್ಟಣ ಬಿದ್ದ ವರ್ಷವೇ, ವೆಲ್ಲೆಸ್ಲಿ ಅಚ್ಚಿಗೆ ಮುಂಚೆ ತೋರಿಸಬೇಕು ಅಂತ ನಿಯಮ ತಂದ. ಅದು 1818ರಲ್ಲಿ ಹೋಯ್ತು. 1823ರಲ್ಲಿ ಬಂಗಾಳದಲ್ಲಿ ಲೈಸೆನ್ಸ್ ಪದ್ಧತಿ ಬಂತು. ‘ಕಲ್ಕತ್ತ ಜರ್ನಲ್’ನ ಬಕಿಂಗ್‌ಹ್ಯಾಮ್‌ನನ್ನ ಹಡಗು ಹತ್ತಿಸಿ ಕಳಿಸಿದ್ರು. ರಾಜಾರಾಮ ಮೋಹನ ರಾಯರು ಫಾರ್ಸಿಯಲ್ಲಿ ‘ಮಿರಾತ್ ಉಲ್ ಅಖ್ಬಾರ್’ ನಡೆಸ್ತಿದ್ರು. ಲೈಸೆನ್ಸಿಗೆ ಅರ್ಜಿ ಹಾಕಿ ಕೈಕಟ್ಟಿ ನಿಲ್ಲೋದಕ್ಕಿಂತ ಪತ್ರಿಕೆ ಮುಚ್ಚೋದೇ ಮೇಲು ಅಂತ ಮುಚ್ಚಿಬಿಟ್ರು.

ಈ ಲೈಸೆನ್ಸನ್ನ ಎತ್ತಿಹಾಕಿದ್ದೇ 1835ರ ಮೆಟ್‌ಕಾಫ್ ಕಾನೂನು. ಮೋಗ್ಲಿಂಗ್ ಮಂಗಳೂರಿಗೆ ಬಂದಿಳಿದದ್ದು 1836ರಲ್ಲಿ. ಹೊತ್ತು ಹೊಂದಿಬಂದಿತ್ತು.

ಇವತ್ತಿನ ಯಾವುದೇ ಪತ್ರಿಕೆ ತಗೊಳ್ಳಿ. ಒಳಗೆಲ್ಲೋ ಒಂದು ಮೂಲೇಲಿ, ಇರುವೆ ಸಾಲಿನ ಥರ, ‘ಮುದ್ರಕರು, ಪ್ರಕಾಶಕರು, ಮುದ್ರಣ ಸ್ಥಳ’ ಅಂತ ಒಂದು ಸಾಲು ಇರುತ್ತೆ. 1835ರಿಂದ 1867ರ ಕಾಯಿದೆಗೆ, ಅಲ್ಲಿಂದ 2023ರ ಕಾಯಿದೆಗೆ ದಾಟಿಕೊಂಡು ಬಂದದ್ದು ಅದು. ಓದಿ ಮೆಣಸಿನಕಾಯಿ ಕಟ್ಟಿ ಬಿಸಾಕೋ ಹಾಳೆಯಲ್ಲಿ ಸುಮಾರು 190 ವರ್ಷದ ಇತಿಹಾಸ.

* * *

‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪತ್ರಿಕೆ. ಎಣ್ಣೆ ಜಿಡ್ಡಿನ ಮಸಿಯಲ್ಲಿ ಬರೆದದ್ದು ನುಣುಪಾದ ಸುಣ್ಣಕಲ್ಲಿನ ಮೇಲೆ ಮೂಡುತ್ತೆ. ಕಲ್ಲಿಗೆ ನೀರು ಸವರಿ ಆಮೇಲೆ ಮಸಿ ಉರುಳಿಸಿದ್ರೆ ಮಸಿ ಅಕ್ಷರಕ್ಕೆ ಮಾತ್ರ ಅಂಟುತ್ತೆ, ನೀರಿದ್ದ ಜಾಗಕ್ಕೆ ಅಂಟಲ್ಲ. ಮೇಲೆ ಕಾಗದ ಇಟ್ಟು ಒತ್ತಿದ್ರೆ ಮುಗೀತು. ಕನ್ನಡಕ್ಕೆ ಇದು ಅನುಕೂಲ. ಮೊಳೆ ಮಾಡಿಸೋಕೆ ಹೋದ್ರೆ ಗುಣಿತಾಕ್ಷರ, ಒತ್ತಕ್ಷರ ಅಂತ ಮೊಳೆಗಳ ಸಂತೆಯೇ ಬೇಕು. ಕಲ್ಲಚ್ಚಿಗೆ ದುಂಡಗೆ ಬರೆಯೋ ಕೈ ಸಾಕು. (ಯೂನಿಕೋಡಿನಲ್ಲಿ ಒತ್ತಕ್ಷರ ಒಡೆದುಹೋಗಿ ಗೋಳಾಡಿದೋರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ.)

ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ. ಊರ ಸುದ್ದಿ, ಸರ್ಕಾರದ ಹೊಸ ಆದೇಶಗಳು, ಹೊರದೇಶದ ವರ್ತಮಾನ, ಕಥೆ, ಹಾಡು. ಮೋಗ್ಲಿಂಗ್ ಅವರ ಮೂಲ ಉದ್ದೇಶ ಧರ್ಮಪ್ರಚಾರ, ಅದನ್ನ ಮುಚ್ಚಿಡಬೇಕಿಲ್ಲ. ಆದ್ರೆ ದೂರದೇಶದ ಸುದ್ದಿ ನಾಲ್ಕು ಪುಟದಲ್ಲಿ, ಕನ್ನಡದಲ್ಲಿ, ಯಾರ ಕೈಗೆ ಬೇಕಾದ್ರೂ ಸಿಗೋ ಹಾಗೆ ಆಯ್ತಲ್ಲ, ಅದು ಹೊಸದು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ, ಮೊಳೆಯಚ್ಚಿನಲ್ಲಿ ‘ಕನ್ನಡ ಸಮಾಚಾರ’ ಆಯ್ತು. ಬಾಳಿದ್ದು ಸ್ವಲ್ಪ ಕಾಲ. ಮಂಗಳೂರು, ಬಳ್ಳಾರಿ ಎರಡೂ ಆಗ ಮದ್ರಾಸ್ ಪ್ರೆಸಿಡೆನ್ಸಿಯವು ಅನ್ನೋದನ್ನ ಗಮನಿಸಿ.

ಇಲ್ಲಿ ನಮ್ಮೂರು ಬರುತ್ತೆ. ನಮ್ಮದು ಆನೇಮಹಲ್. ಸಕಲೇಶಪುರ ದಾಟಿ ಮಂಗಳೂರು ರಸ್ತೆಯಲ್ಲಿ, ಶಿರಾಡಿ ಘಾಟಿ ಇಳಿಯೋಕೆ ಮುಂಚೆ ಸಿಗುತ್ತೆ. ಹಿಂದೆ ಇದೆಲ್ಲ ಮಂಜರಾಬಾದ್ ಸೀಮೆ. ಈಗ ಘಾಟಿ ಇಳಿದ್ರೆ ಬದಲಾಗೋದು ಜಿಲ್ಲೆ, ಸೆಖೆ, ಮತ್ತೆ ಮೀನಿನ ರುಚಿ :) ಆದ್ರೆ 1956ಕ್ಕೆ ಮುಂಚೆ ಅದು ರಾಜ್ಯದ ಗಡಿ. 1947ಕ್ಕೆ ಮುಂಚೆ ಇನ್ನೂ ದೊಡ್ಡ ಗಡಿ. ಮೇಲೆ ಮೈಸೂರು ಮಹಾರಾಜರ ಸಂಸ್ಥಾನ, ಕೆಳಗೆ ಬ್ರಿಟಿಷರ ಮದ್ರಾಸು. ಮಾತು ಎರಡೂ ಕಡೆ ಕನ್ನಡ. ಅದನ್ನ ಅಚ್ಚು ಹಾಕೋ ಕಾನೂನು ಮಾತ್ರ ಬೇರೆ ಬೇರೆ. ಧಾರವಾಡಕ್ಕೆ ಹೋದ್ರೆ ಮುಂಬೈ ಕಾನೂನು, ಕಲಬುರಗಿಗೆ ನಿಜಾಮರದ್ದು, ಮಡಿಕೇರಿಗೆ ಕೊಡಗಿನದ್ದು. ನಾಡು ಹರಿದುಹೋಗಿತ್ತು ಅಂತ ನಾವು ಏಕೀಕರಣದ ಪಾಠದಲ್ಲಿ ಓದಿದ್ದೀವಿ. ಆ ಹರಿದ ಅಂಚುಗಳೇ ಸುದ್ದಿಗೆ ಕಂಡಿ ಆಗಿದ್ದೂ ಉಂಟು.

* * *

ಈಗ ಮುಖ್ಯ ಇಸವಿ: 1908.

ಆ ಹೊತ್ತಿಗೆ ಮೈಸೂರಲ್ಲಿ ಪತ್ರಿಕೆಗಳು ಚೆನ್ನಾಗಿ ಬೇರು ಬಿಟ್ಟಿದ್ದವು. 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಬಂದಿತ್ತು, 1907ರಲ್ಲಿ ನ್ಯಾಯವಿಧಾಯಕ ಸಭೆ ಬಂದಿತ್ತು. ಪತ್ರಿಕೆಗಳಿಗೆ ದೊಡ್ಡ ಹೆಸರು ಎಂ. ವೆಂಕಟಕೃಷ್ಣಯ್ಯನವರು, ಮೈಸೂರಿನವರ ಬಾಯಲ್ಲಿ ‘ತಾತಯ್ಯ’. 1844ರಲ್ಲಿ ಹುಟ್ಟಿದವರು, ಮೈಸೂರಿನ ಮರಿಮಲ್ಲಪ್ಪ ಶಾಲೆಯ ಹೆಡ್ ಮಾಸ್ತರು. ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’, ಇಂಗ್ಲಿಷಿನಲ್ಲಿ ‘ಮೈಸೂರು ಹೆರಾಲ್ಡ್’... ಒಬ್ಬ ಮೇಷ್ಟ್ರು ಕಟ್ಟಿದ ಪತ್ರಿಕೆಗಳ ಪಟ್ಟಿ ಹೀಗೆ ಉದ್ದ ಹೋಗುತ್ತೆ. ದಿವಾನರ ಆಡಳಿತವನ್ನ ಟೀಕಿಸೋಕೆ ಹಿಂಜರೀತಿರಲಿಲ್ಲ.

1908ರಲ್ಲಿ ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ ಮೈಸೂರು ವೃತ್ತಪತ್ರಿಕೆಗಳ ರೆಗ್ಯುಲೇಷನ್ ಬಂತು. ತಿರುಳು ಇಷ್ಟೇ: ಸರ್ಕಾರದ ಮುಂಚಿತ ಅನುಮತಿ ಇಲ್ಲದೇ ಸಂಸ್ಥಾನದಲ್ಲಿ ಯಾರೂ ಪತ್ರಿಕೆ ನಡೆಸೋ ಹಾಗಿಲ್ಲ, ಮತ್ತು ಕೊಟ್ಟ ಅನುಮತಿಯನ್ನ ಸರ್ಕಾರ ಯಾವಾಗ ಬೇಕಾದ್ರೂ ವಾಪಸ್ ತಗೋಬಹುದು.

ಅದೇ ವರ್ಷ ಬ್ರಿಟಿಷ್ ಇಂಡಿಯಾದಲ್ಲೂ ಪತ್ರಿಕೆಗಳ ಮೇಲೆ ಒಂದು ಕಾಯಿದೆ ಬಂತು. ಹಿಂಸೆಗೆ ಪ್ರಚೋದಿಸಿದ ಪತ್ರಿಕೆಯ ಮುದ್ರಣಾಲಯವನ್ನ ಮ್ಯಾಜಿಸ್ಟ್ರೇಟ್ ಜಪ್ತಿ ಮಾಡಬಹುದು, ಆದ್ರೆ ಹೈಕೋರ್ಟಿಗೆ ಅಪೀಲು ಇದೆ. ಅದೇ ವರ್ಷ ಜುಲೈನಲ್ಲಿ ‘ಕೇಸರಿ’ ಲೇಖನಗಳಿಗಾಗಿ ತಿಲಕರಿಗೆ ಆರು ವರ್ಷ ಶಿಕ್ಷೆ ಆಗಿ ಮಂಡಾಲೆಗೆ ಕಳಿಸಿದ್ರು. 1910ರಲ್ಲಿ ಠೇವಣಿ ಕಟ್ಟಿಸೋ ಇನ್ನೊಂದು ಕಾಯಿದೆ ಬಂತು. ಹಾಗಾಗಿ ಗಡಿಯಾಚೆ ಸ್ವರ್ಗ ಇತ್ತು ಅಂತ ಯಾರೂ ತಿಳ್ಕೋಬೇಡಿ. ಆದ್ರೆ ರಚನೆ ನೋಡಿ. ಬ್ರಿಟಿಷರ 1908ರ ಕಾಯಿದೆ ಪತ್ರಿಕೆ ಬರೆದ ಮೇಲೆ ಬಂದು ಹೊಡೀತಿತ್ತು. ಮೈಸೂರಿನದ್ದು ಬರೆಯೋ ಮುಂಚೆಯೇ ಬಾಗಿಲಲ್ಲಿ ನಿಂತಿತ್ತು. ಲಂಡನ್ 1695ರಲ್ಲಿ ಕೈಬಿಟ್ಟ ಪದ್ಧತಿ 213 ವರ್ಷ ಆದ್ಮೇಲೆ ಮೈಸೂರಲ್ಲಿ ಚಿಗುರಿತು. ಅದೂ ಭಾರತದಲ್ಲೇ ಮೊದಲು ಪ್ರಜಾಪ್ರತಿನಿಧಿ ಸಭೆ ಕಂಡ, ಪ್ರಗತಿಗೆ ಹೆಸರಾದ ಸಂಸ್ಥಾನದಲ್ಲಿ. ನಾವು ಮೈಸೂರನ್ನ ‘ಮಾದರಿ ಸಂಸ್ಥಾನ’ ಅಂತ ಹೊಗಳುವಾಗ ಈ ಪುಟ ಹಾರಿಸಿಬಿಡ್ತೀವಿ. ಒಳ್ಳೇ ರಸ್ತೆ, ಕರೆಂಟು, ಶಾಲೆ ಕೊಡೋ ಸರ್ಕಾರಕ್ಕೂ ಟೀಕೆ ಸಹಿಸೋಕೆ ಆಗದೇ ಇರಬಹುದು. ಒಂದು ಇದ್ರೆ ಇನ್ನೊಂದು ತಾನಾಗೇ ಬರಲ್ಲ.

ತಾತಯ್ಯನವರು ಏನು ಮಾಡಿದ್ರು? ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನ ನಿಲ್ಲಿಸಿಬಿಟ್ರು. ಆಗ ಅವರಿಗೆ 64ರ ಆಸುಪಾಸು. 1823ರಲ್ಲಿ ರಾಮ ಮೋಹನ ರಾಯರು ಮಾಡಿದ್ದು ನೆನಪಾಯ್ತಾ? 85 ವರ್ಷದ ಅಂತರದಲ್ಲಿ ಎರಡು ಊರಿನ ಇಬ್ಬರು ಒಂದೇ ಉತ್ತರ ಕೊಟ್ಟರು.

ಇಲ್ಲಿ ನನಗೊಂದು ತಕರಾರಿದೆ. ಮುಚ್ಚಿದ್ದು ಸರಿಯಾ? ಸರ್ಕಾರಕ್ಕೆ ಬೇಕಿದ್ದದ್ದೂ ಅದೇ ಅಲ್ವಾ? ಟೀಕೆ ನಿಲ್ಲಬೇಕು ಅಂದ್ರು, ಇವರೇ ನಿಲ್ಲಿಸಿದ್ರು. ಲೈಸೆನ್ಸ್ ತಗೊಂಡು, ಸಾಲುಗಳ ನಡುವೆ ನಾಲ್ಕು ಮಾತು ಬರೆದಿದ್ರೆ ಓದುಗನಿಗೆ ಅಷ್ಟಾದ್ರೂ ಸಿಗ್ತಿತ್ತು.

ಯೋಚಿಸ್ತಾ ಹೋದ ಹಾಗೆ ಆ ತಕರಾರು ಸಡಿಲ ಆಯ್ತು. ಲೈಸೆನ್ಸಿನ ಬಲ ಇರೋದೇ ಅದು ಕಾಣಿಸದೇ ಇರೋದರಲ್ಲಿ. ಪತ್ರಿಕೆ ಬರ್ತಾನೇ ಇರುತ್ತೆ, ಹೆಸರು ಅದೇ, ಸಂಪಾದಕ ಅವನೇ. ಒಳಗಿಂದ ಏನು ಕಾಣೆಯಾಗಿದೆ ಅಂತ ಓದುಗನಿಗೆ ಗೊತ್ತಾಗಲ್ಲ. ಮುಚ್ಚಿದ ಪತ್ರಿಕೆ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತೆ. ವಾರ ವಾರ ಬರ್ತಿದ್ದ ಹಾಳೆ ಬರಲಿಲ್ಲ, ಯಾಕೆ ಅಂತ ಜನ ಕೇಳ್ತಾರೆ. ಕಾಣದ ಕತ್ತರಿಯನ್ನ ಕಾಣೋ ಹಾಗೆ ಮಾಡಿದ್ದು ಅದು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದು ಮುಂಚಿತ ಸೆನ್ಸಾರ್ ಜಾರಿಯಾದಾಗ ‘ಇಂಡಿಯನ್ ಎಕ್ಸ್‌ಪ್ರೆಸ್’ ಸಂಪಾದಕೀಯದ ಜಾಗ ಖಾಲಿ ಬಿಟ್ಟಿದ್ದೂ ಇದೇ ಲೆಕ್ಕ.

* * *

ಮುಚ್ಚೋದು ಒಂದು ದಾರಿ. ಇನ್ನೊಂದು ದಾರಿ, ಗಡಿ ದಾಟೋದು.

1947ರ ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂತು. ಮೈಸೂರಿನಲ್ಲಿ ಮಾತ್ರ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಆಡಳಿತವೇ ಮುಂದುವರಿದಿತ್ತು. ಜವಾಬ್ದಾರಿ ಸರ್ಕಾರಕ್ಕಾಗಿ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಶುರುವಾಯ್ತು. ಪತ್ರಿಕೆಗಳ ಮೇಲೆ ಸೆನ್ಸಾರ್ ಬಿತ್ತು. ಆಗ ಪಿ. ಆರ್. ರಾಮಯ್ಯನವರ ‘ತಾಯಿನಾಡು’ ಏನು ಮಾಡ್ತು ಗೊತ್ತಾ? ಹಿಂದೂಪುರಕ್ಕೆ ಹೋಗಿ ಅಚ್ಚಾಯ್ತು. ಹಿಂದೂಪುರ ಗಡಿಯಿಂದ ಆಚೆ, ಆಗ ಮದ್ರಾಸ್ ಪ್ರಾಂತದ ಅನಂತಪುರ ಜಿಲ್ಲೆ. ಸ್ವತಂತ್ರ ಭಾರತದ ನೆಲದಲ್ಲಿ ಅಚ್ಚಾದ ಕನ್ನಡದ ಸುದ್ದಿ ಮೈಸೂರಿನವರಿಗಾಗಿ! 1620ರಲ್ಲಿ ಲಂಡನ್ನಿಗೆ ಆಮ್‌ಸ್ಟರ್‌ಡಾಮ್ ಏನಾಗಿತ್ತೋ 1947ರಲ್ಲಿ ಬೆಂಗಳೂರಿಗೆ ಹಿಂದೂಪುರ ಅದಾಯ್ತು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಸರ್ಕಾರ ಬಂತು, ಚಳವಳಿ ಗೆದ್ದಿತ್ತು.

ಸರ್ಕಾರಗಳಿಗೂ ಈ ಕಂಡಿ ಗೊತ್ತು. ಮುಂಬೈಯಲ್ಲಿ ಅಚ್ಚಾಗ್ತಿದ್ದ ‘ಕ್ರಾಸ್ ರೋಡ್ಸ್’ ವಾರಪತ್ರಿಕೆ ಮದ್ರಾಸ್ ರಾಜ್ಯದೊಳಗೆ ಬರಕೂಡದು ಅಂತ 1950ರಲ್ಲಿ ಮದ್ರಾಸ್ ಸರ್ಕಾರ ಆದೇಶ ಹೊರಡಿಸಿತು. ರೊಮೇಶ್ ಥಾಪರ್ ಸುಪ್ರೀಂ ಕೋರ್ಟಿಗೆ ಹೋದರು. ಸಂವಿಧಾನ ಬಂದು ನಾಲ್ಕು ತಿಂಗಳಾಗಿತ್ತು ಅಷ್ಟೇ. ಮೇ 26ಕ್ಕೆ ತೀರ್ಪು: ಹಂಚೋ ಸ್ವಾತಂತ್ರ್ಯ ಇಲ್ಲದಿದ್ರೆ ಪ್ರಕಟಿಸೋ ಸ್ವಾತಂತ್ರ್ಯಕ್ಕೆ ಬೆಲೆ ಇಲ್ಲ, ಆದೇಶ ರದ್ದು. ಮರುವರ್ಷವೇ ಸಂವಿಧಾನದ ಮೊದಲ ತಿದ್ದುಪಡಿ ಬಂದು ‘ಸಮಂಜಸ ನಿರ್ಬಂಧ’ಗಳ ಪಟ್ಟಿ ಉದ್ದ ಆಯ್ತು ಅನ್ನೋದೂ ನಿಜ.

ನಮ್ಮಂಥ ಬ್ಲಾಗಿಗರಿಗೆ ಗಡಿ ಎಲ್ಲಿದೆ? 2006ರ ಜುಲೈನಲ್ಲಿ ಸರ್ಕಾರ ಕೆಲವೇ ಪುಟಗಳನ್ನ ತಡೀರಿ ಅಂದಾಗ ಇಂಟರ್ನೆಟ್ ಕಂಪನಿಗಳು ಇಡೀ ಬ್ಲಾಗ್‌ಸ್ಪಾಟನ್ನೇ ಮುಚ್ಚಿಬಿಟ್ಟವು. ನಾನಾಗ ಪ್ರೈಮರಿ ಸ್ಕೂಲು, ಆಮೇಲೆ ಓದಿ ತಿಳ್ಕೊಂಡಿದ್ದು. ಒಂದು ಮನೆ ಹುಡುಕೋಕೆ ಬಂದವರು ಬೀದಿಗೇ ಬೇಲಿ ಹಾಕಿದ ಹಾಗೆ. 2015ರ ಮಾರ್ಚ್ 24ಕ್ಕೆ ಸುಪ್ರೀಂ ಕೋರ್ಟ್ ಐಟಿ ಕಾಯಿದೆಯ 66ಎ ಸೆಕ್ಷನ್ ಹೊಡೆದುಹಾಕ್ತು. ಆದ್ರೆ 69ಎ ಪ್ರಕಾರ ಪುಟ ತಡೆಯೋ ಆದೇಶಗಳು ನಿಯಮದಲ್ಲೇ ಗುಟ್ಟು. ಮುಚ್ಚಿದ್ದೂ ಕಾಣದ ಹಾಗೆ ಮುಚ್ಚೋದು. ತಾತಯ್ಯನವರ ಉಪಾಯಕ್ಕೆ ಇದು ಸರಿಯಾದ ಎದುರಾಳಿ.

ಇಷ್ಟೆಲ್ಲ ಓದಿದ ಮೇಲೆ ನನ್ನ ಕೈಗೆ ಸಿಕ್ಕಿದ್ದು ಒಂದು ಸಣ್ಣ ಅಳತೆಗೋಲು. ಮಾತಿನ ಮೇಲೆ ಯಾವುದೇ ಹೊಸ ನಿಯಮ ಬಂದ್ರೂ, ಯಾವ ಪಕ್ಷದ ಸರ್ಕಾರ ತಂದ್ರೂ, ಎರಡು ಪ್ರಶ್ನೆ ಕೇಳ್ತೀನಿ. ಮುಂಚೆ ಅಪ್ಪಣೆ ಕೇಳಬೇಕಾ, ಇಲ್ಲಾ ಆಮೇಲೆ ಉತ್ತರ ಕೊಟ್ಟರೆ ಸಾಕಾ? ತಡೆದದ್ದನ್ನ ಊರಿಗೆ ಕಾಣೋ ಹಾಗೆ ತಡೀತಾರಾ, ಕಾಣದ ಹಾಗೆ ತಡೀತಾರಾ? ‘ಒಳ್ಳೇ ಸರ್ಕಾರ ಇದೆ, ಏನಾಗಲ್ಲ’ ಅನ್ನೋ ಮಾತಿಗೆ 1908ರ ಮೈಸೂರೇ ಉತ್ತರ.

ಕೊನೇದಾಗಿ ಒಂದು ಬೇಡಿಕೆ. ನಿಮ್ಮ ಅಜ್ಜನ ಮನೆ ಅಟ್ಟದಲ್ಲಿ, ಪೆಟ್ಟಿಗೆ ತಳದಲ್ಲಿ 1947ಕ್ಕೂ ಹಿಂದಿನ ಕನ್ನಡ ಪತ್ರಿಕೆ ಹಾಳೆ ಏನಾದ್ರೂ ಸಿಕ್ಕರೆ ರದ್ದಿಗೆ ಹಾಕೋ ಮುಂಚೆ ಒಂದು ಫೋಟೋ ತೆಗೀರಿ. ಮುದ್ರಕರು, ಪ್ರಕಾಶಕರು, ಮುದ್ರಣ ಸ್ಥಳ ಅನ್ನೋ ಆ ಇರುವೆ ಸಾಲನ್ನೂ ಬಿಡದೇ ತೆಗೀರಿ. ಯಾವ ಊರಲ್ಲಿ ಅಚ್ಚಾಗಿದೆ ಅನ್ನೋದರಲ್ಲೇ ಅರ್ಧ ಕಥೆ ಇರುತ್ತೆ. ಸಿಕ್ಕಿದ್ರೆ ಕಾಮೆಂಟಿನಲ್ಲಿ ತಿಳಿಸಿ, ನೋಡೋ ಆಸೆ ಇದೆ.